ಕರಡಿ ಮಾಮನ ಮಣಿಕಟ್ಟು

ಹೆಜ್ಜೆಗೊಮ್ಮೆ ದೀಪ ಮಿನುಗುವ ಬೂಟು, ಅದರ ಪಕ್ಕ ಐಸ್‌ಕ್ರೀಮ್ ತೊಟ್ಟಿಕ್ಕಿದ ಬರಿಗಾಲು, ಹಿಂದೆ ಯಾರದೋ ಅಮ್ಮನ ಒಡೆದ ಹಿಮ್ಮಡಿ — ಕರಡಿಯ ಬಾಯಿಗೆ ಹೊಲಿದ ಜಾಲರಿಯಿಂದ ಕಾಣುವ ಲೋಕ ಇಷ್ಟೇ, ಸೊಂಟದಿಂದ ಕೆಳಗೆ, ಮುಖ ನೋಡಬೇಕೆಂದರೆ ಕತ್ತು ಪೂರಾ ಹಿಂದಕ್ಕೆ ಚೆಲ್ಲಬೇಕು, ಚೆಲ್ಲಿದರೆ ಕರಡಿ ಆಕಾಶ ನೋಡಿದಂತಾಗುತ್ತದೆ, ಮಕ್ಕಳೂ ಆಕಾಶ ನೋಡುತ್ತಾರೆ, ಅಲ್ಲಿ ಏನೂ ಇರುವುದಿಲ್ಲ. ಬೆವರು ಮೂಗಿನ ತುದಿಗೆ ಬಂದು ನಿಂತಿದೆ, ಒರೆಸುವಂತಿಲ್ಲ, ಕೈಗಳು ಕರಡಿಯವು. ಮೊಣಕೈಯಮ್ಮ ಒಮ್ಮೆ ಅದುಮಿದಳು. ಒಮ್ಮೆ ಅಂದರೆ ಮೆಟ್ಟಿಲು, ಎರಡು ಸಲ ಅಂದರೆ ಬೆನ್ನ ಹಿಂದೆ ಮಗು, ಮೂರು ಸಲ ಅಂದರೆ ಸಾಕು ನಡಿ. ಹನ್ನೊಂದು ವರ್ಷದಿಂದ ವೇಷದವರ ಮೊಣಕೈ ಹಿಡಿದು ನಡೆಸುತ್ತಿರುವ ಹೆಂಗಸು, ನಿಜವಾದ ಹೆಸರು ಪಾರ್ಕಿನಲ್ಲಿ ಯಾರಿಗೂ ಬೇಕಾಗಿಲ್ಲ, ಗಂಡನ ಕೈನೂ ಇಷ್ಟು ಗಟ್ಟಿಯಾಗಿ ಹಿಡ್ದಿರ್ಲಿಲ್ಲ ಕಣೇ, ಹಿಡ್ದಿದ್ರೆ ಓಡಿಹೋಗ್ತಿರ್ಲಿಲ್ವೇನೋ ಎಂದು ತಾನೇ ಹೇಳಿ ತಾನೇ ನಗುತ್ತಾಳೆ. ಮೆಟ್ಟಿಲು ಇಳಿದಾಯಿತು. ಮಣಿಕಟ್ಟಿನಲ್ಲಿ ದಾರದ ತುದಿ ಚುಚ್ಚುತ್ತಿದೆ. ಬೆಳಗ್ಗೆ ತಲೆ ತೊಡುವ ಮೊದಲು ನೋಡಿದಾಗ ಬಲಗೈ ಪಂಜದ ಬುಡ ಬೆರಳುದ್ದ ಬಿಟ್ಟುಕೊಂಡಿತ್ತು, ಹರಿದದ್ದನ್ನು ವೇಷದ ಕೋಣೆಗೆ ಕೊಟ್ಟು ಬರೆಸಬೇಕು, ಕೊಟ್ಟರೆ ಇವತ್ತಿಡೀ ಕರಡಿ ಇಲ್ಲ, ಇವತ್ತೇ ಕರಡಿ ಬೇಕಾಗಿತ್ತು ವೇಷದೊಳಗಿನ ಅವಳಿಗೆ. ಕಂದು ದಾರ ಮುಗಿದಿತ್ತು. ಕಪ್ಪಿನಲ್ಲೇ ಹೊಲಿದಳು, ನಿಂತುಕೊಂಡೇ, ಹಲ್ಲಿನಿಂದ ದಾರ ಕಡಿದಳು.

ಅಪ್ಪನೂ ಬರ್ತಾರೆ, ನಿನ್ನೆ ತಂಗಿ ಫೋನಿನಲ್ಲಿ ಹೇಳಿದ್ದು, ಪಾಪು ಹಟ ಹಿಡ್ದಿದಾಳೆ, ನೀನು ಆಫೀಸ್ ಬಿಟ್ಟು ಕೆಳಗಿಳೀಬೇಡ ಅಕ್ಕಾ, ಅವರಿಗೆ ನೀನು ಇದೇ ಊರಲ್ಲಿರೋದೂ ಗೊತ್ತಿಲ್ಲ. ತಂಗಿಗೆ ಗೊತ್ತಿರುವುದು ಪಾರ್ಕಿನ ಆಫೀಸು, ಮೇಜು, ಫೈಲು. ಇಲ್ಲ, ಇಳಿಯಲ್ಲ ಅಂದಳು. ಆನೆ ವೇಷದವನ ಜೊತೆ ಪಾಳಿ ಬದಲಿಸಿಕೊಳ್ಳಬಹುದಿತ್ತು, ಬದಲಿಸಲಿಲ್ಲ. ನೋಡಿದರಾಯಿತು, ಅವರಿಗೆ ಕಾಣದ ಹಾಗೆ, ಅಷ್ಟೇ, ನೋಡುವುದಕ್ಕೆ ಏನು ಕಳೆದುಕೊಳ್ಳಬೇಕು — ಕೆಲಸ ಕಳೆದುಕೊಳ್ಳಬೇಕು, ಬಾಯಿ ಬಿಟ್ಟರೆ. ಇಲ್ಲಿ ದೊಡ್ಡ ಕಾನೂನು ಎರಡೇ. ಒಳಗಿನವರು ಮಾತಾಡಬಾರದು. ಯಾರಾದರೂ ಹಿಡಿದುಕೊಂಡರೆ ಅವರಾಗಿ ಬಿಡುವ ತನಕ ಕರಡಿ ಬಿಡಬಾರದು. ಹಿಂದಿನ ಆನೆ ಒಂದು ಸಲ ಸೀನಿ, ಸಾರಿ ಪುಟ್ಟಾ ಅಂದುಬಿಟ್ಟ, ಗಂಡಸಿನ ಗೊಗ್ಗರು ದನಿ, ಸೊಂಡಿಲಿನೊಳಗಿಂದ, ಆ ಮಗು ಅತ್ತಿದ್ದು ಗೇಟಿನ ತನಕ ಕೇಳಿಸಿತು, ಈಗ ಅವನು ಗೇಟಿನಲ್ಲೇ ಇದ್ದಾನೆ, ಟಿಕೆಟ್ ಹರಿಯುತ್ತಾನೆ, ಸೀನಿದರೆ ಯಾರೂ ಅಳುವುದಿಲ್ಲ.

ಮೊಣಕೈಗೆ ಎರಡು ಒತ್ತು. ಹಿಂದೆ ಮಗು. ತಿರುಗಿದಳು — ಹಳದಿ ಫ್ರಾಕಿನ ಅಂಚು, ಅದರಲ್ಲಿ ಚಿಕ್ಕ ಚಿಕ್ಕ ನೆರಿಗೆ, ಒಂದೊಂದೂ ಅಳೆದಿಟ್ಟಂತೆ ಸಮ, ಅಂಗಡಿಯಲ್ಲಿ ಕೊಂಡ ಫ್ರಾಕಿಗೆ ಇಂಥ ನೆರಿಗೆ ಇರುವುದಿಲ್ಲ. ಗೊತ್ತಾಯಿತು, ಅಪ್ಪ ಹೊಲಿದದ್ದು. ನಾಲ್ಕು ವರ್ಷದ ಕಾಲುಗಳು, ಇವು ನಡೆಯುವುದನ್ನೇ ಅವಳು ನೋಡಿರಲಿಲ್ಲ. ಕರಡಿ ಮಾಮಾ ಎಂದು ಕಿರುಚಿ ತೊಡೆಗೆ ಬಂದು ಬಡಿಯಿತು ಮಗು, ಕರಡಿ ಬಾಗಿತು, ಪಂಜದಿಂದ ಬೆನ್ನು ತಟ್ಟಿತು, ನಾನು ನಿನ್ನ ದೊಡ್ಡಮ್ಮ — ಎಂದು ಅವಳಿಗೆ ಅನಿಸಲೂ ಇಲ್ಲ, ದಿನಕ್ಕೆ ಮುನ್ನೂರು ಮಕ್ಕಳು ಹೀಗೆ ಬಡಿಯುತ್ತಾರೆ, ಸೊಂಟ ನೋಯುತ್ತದೆ. ಮಗುವಿನ ಹಿಂದೆ ತಂಗಿಯ ಚಪ್ಪಲಿ. ಅದರ ಹಿಂದೆ, ಮೂರು ಮಾರು ದೂರದಲ್ಲಿ, ಇಸ್ತ್ರಿಯ ಗೆರೆ ಕತ್ತಿಯಂತಿರುವ ಬೂದು ಪ್ಯಾಂಟು.

ಅಪ್ಪಾ, ನೀವೂ ಬನ್ನಿ, ಒಂದು ಫೋಟೋ. ಬೇಡಮ್ಮ, ಕರಡಿ ಜೊತೆ ನಂದೇನು ವ್ಯವಹಾರ. ತಾತ, ಕಚ್ಚಲ್ಲ ತಾತ, ಬಾ ತಾತ. ಕಚ್ಚಿದ್ರೂ ಪರ್ವಾಗಿಲ್ಲ, ನಾತ ಹೊಡೆಯುತ್ತಲ್ಲೇ, ಇದನ್ನ ಯಾವ ಕಾಲದಲ್ಲಿ ಒಗ್ದಿದ್ರೋ. ಮೊಣಕೈಯಮ್ಮ ನಕ್ಕಳು, ವಾರಕ್ಕೊಂದ್ಸಲ ಒಗೀತೀವಿ ಯಜಮಾನ್ರೇ, ನಿಮ್ಮ ಪುಣ್ಯ, ಇವತ್ತು ಆರನೇ ದಿನ. ಬೂದು ಪ್ಯಾಂಟು ಹತ್ತಿರ ಬಂತು. ದನಿ ಅದೇ. ಸ್ವಲ್ಪ ತೆಳ್ಳಗಾಗಿದೆ, ಒಗೆದು ಒಗೆದು ತೆಳ್ಳಗಾದ ಅಸ್ತರಿನ ಬಟ್ಟೆಯಂತೆ. ಪಕ್ಕದಲ್ಲಿ ನಿಂತರು, ಅವರ ಕೈ ಜಾಲರಿಯ ಚೌಕಟ್ಟಿನೊಳಕ್ಕೆ ಬಂತು, ಹೆಬ್ಬೆರಳು ಮೊದಲು.

ಆ ಉಗುರು. ಅವಳಿಗೆ ಏಳು ವರ್ಷವಿದ್ದಾಗ ಮೆಶಿನ್ನಿನ ಸೂಜಿ ಅದರ ನಡುವೆ ಇಳಿದು ಕೆಳಗೆ ಹೊರಬಂದಿತ್ತು, ಅಪ್ಪ ಕೂಗಲಿಲ್ಲ, ಚಕ್ರ ಹಿಂದಕ್ಕೆ ತಿರುಗಿಸು ಅಂದರು, ನಿಧಾನ, ಹಾಂ, ಇನ್ನರ್ಧ ಸುತ್ತು, ಅವಳು ಎಡಗೈಯಲ್ಲಿ ತಿರುಗಿಸಿದಳು, ಸೂಜಿ ಮೇಲಕ್ಕೆ ಬಂತು. ಆಮೇಲೆ ಬೆಳೆದ ಉಗುರು ಎರಡಾಗಿಯೇ ಬೆಳೆಯಿತು, ಮುಚ್ಚಿದ ಎರಡು ಕದಗಳ ಹಾಗೆ, ನಡುವೆ ಕಪ್ಪು ಗೆರೆ. ಅದೇ ಹೆಬ್ಬೆರಳಿನಿಂದ ಅವಳ ಹೊಲಿಗೆಯನ್ನು ಸವರಿ ನೋಡುತ್ತಿದ್ದರು, ಕಣ್ಣಿಗಿಂತ ಬೆರಳಿನ ಮೇಲೆ ಭರವಸೆ ಜಾಸ್ತಿ, ಎಡಚೀ, ನಿನ್ನ ಹೊಲಿಗೆ ಎಲ್ಲಾ ಉಲ್ಟಾ ವಾಲುತ್ತೆ, ಕತ್ತಲಲ್ಲಿ ಕೊಟ್ರೂ ಇದು ನೀನೇ ಹೊಲಿದಿದ್ದು ಅಂತ ಹೇಳ್ತೀನಿ, ವಾಲಲಿ ಬಿಡು, ಕೊನೇಲಿ ಎರಡು ಹೊಲಿಗೆ ಹಿಂದಕ್ಕೆ ಹೋಗಿ ಗಂಟು ಹಾಕು, ಇಲ್ದಿದ್ರೆ ಬಿಚ್ಕೊಳುತ್ತೆ. ಅವಳ ಮದುವೆಗೆ ಎಂಟು ದಿನ ಇರುವಾಗ ಹೊಲಿಗೆ ಅಂಗಡಿಯಲ್ಲಿ ಹುಡುಗನ ಕೋಟಿಗೆ ಗುಂಡಿ ಹಾಕುತ್ತಿದ್ದರು, ಅವಳು ಬಾಗಿಲಲ್ಲಿ ನಿಂತು ಮದುವೆ ಬೇಡ ಅಪ್ಪಾ ಅಂದಳು, ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು, ಎರಡು ಕದ, ಕಪ್ಪು ಗೆರೆ. ಇನ್ನೊಂದೇ ಗುಂಡಿ ಬಾಕಿ ಇದೆ ಅಂದರು. ಅಷ್ಟೇ. ಬೈದಿದ್ದರೆ ಬೈಸಿಕೊಂಡು ಅಲ್ಲೇ ಇರುತ್ತಿದ್ದಳೋ ಏನೋ, ಬೈಯಲಿಲ್ಲ, ಬಸ್ಸು ಹತ್ತಿದಳು, ಮೂರು ವರ್ಷವಾಯಿತು, ಎರಡು ಕಡೆಯಿಂದಲೂ ಒಂದು ಫೋನಿಲ್ಲ. ಕೋಟು ಇನ್ನೂ ಅಂಗಡಿಯ ಮೊಳೆಯಲ್ಲಿದೆ ಎನ್ನುತ್ತಾಳೆ ತಂಗಿ, ಆ ಒಂದು ಗುಂಡಿ ಹಾಕಿಲ್ಲ, ಯಾರಾದರೂ ಕೇಳಿದರೆ ಕೆಲಸ ಮುಗಿದಿಲ್ಲ ಎನ್ನುತ್ತಾರಂತೆ.

ಕೈ ಹಿಡ್ಕೊಳಿ ಅಪ್ಪಾ, ಕರಡಿ ಕೈ ಹಿಡ್ಕೊಳಿ, ಫೋಟೋಲಿ ಚೆನ್ನಾಗಿರುತ್ತೆ. ಅಪ್ಪ ಯಾರ ಕೈಯನ್ನೂ ಕೈಯೆಂದು ಹಿಡಿದವರಲ್ಲ, ಕೈಕುಲುಕಲು ಬಂದವರ ತೋಳಿನ ಅಂಚನ್ನೇ ಮೊದಲು ನೋಡುವವರು, ಈಗಲೂ ಹಾಗೆಯೇ, ಪಂಜ ಬಿಟ್ಟು ಮಣಿಕಟ್ಟಿಗೆ ಕೈ ಹಾಕಿದರು, ಬೆಳಗ್ಗೆ ಹೊಲಿದ ಕಡೆಗೇ, ಹೆಬ್ಬೆರಳು ತುಪ್ಪಳವನ್ನು ಅತ್ತ ಇತ್ತ ಸರಿಸಿ ಕಪ್ಪು ದಾರವನ್ನು ಹುಡುಕಿಕೊಂಡಿತು, ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ, ನಿಂತಿತು. ಪುನಃ ಸವರಿತು. ಸ್ಪಂಜಿನ ದಪ್ಪದೊಳಗೆ ಅವಳಿಗೆ ಮುಟ್ಟಿದ್ದು ಬರೀ ಒತ್ತಡ. ಹಿಂದೆ ಎಳೆದುಕೊಳ್ಳಬೇಕು — ಎಳೆದುಕೊಳ್ಳುವಂತಿಲ್ಲ. ಫೋಟೋ ಆಯ್ತು ಅಪ್ಪಾ ಎಂದಳು ತಂಗಿ. ಮಗು ತೊಡೆ ಬಿಟ್ಟಿತು, ಬಲೂನಿನ ಕಡೆ ಓಡಿತು, ತಂಗಿಯ ಚಪ್ಪಲಿ ಅದರ ಹಿಂದೆ ಓಡಿತು. ಮೊಣಕೈಗೆ ಮೂರು ಒತ್ತು, ಸಾಕು ನಡಿ, ಹಿಂದೆ ಸಾಲು ಕಾಯುತ್ತಿದೆ. ಬೂದು ಪ್ಯಾಂಟು ಅಲ್ಲಾಡಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿದರೆ ಮುಖ ಕಾಣುತ್ತದೆ, ಚೆಲ್ಲಲಿಲ್ಲ ಅವಳು, ಕರಡಿ ಆಕಾಶ ನೋಡಿದರೆ ಅವರೂ ಆಕಾಶ ನೋಡಿಯಾರು. ಮೂಗಿನ ತುದಿಯ ಹನಿ ತುಟಿಗೆ ಬಿತ್ತು, ಉಪ್ಪು.

ಎರಡು ಹೊಲಿಗೆ ಹಿಂದಕ್ಕೆ ಹೋಗ್ಲೇ ಇಲ್ಲ ನೀನು, ಅಂದರು ಅಪ್ಪ, ಕರಡಿಯ ಮಣಿಕಟ್ಟಿಗೆ, ಅಂಗಡಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಸಂಜೆ ತನಕ ತಡೆಯಲ್ಲ ಇದು.

ಪುನಃ ಮೂರು ಒತ್ತು, ಈ ಸಲ ಜೋರಾಗಿ. ಯಜಮಾನ್ರೇ, ಬಿಡಿ, ಮಕ್ಕಳು ಕಾಯ್ತಿದಾರೆ. ಹಿಡಿದವರು ಬಿಡುವ ತನಕ ಕರಡಿ ಬಿಡಬಾರದು, ಕಾನೂನು, ಬಾಯಿ ತೆರೆಯಬಾರದು, ಅದೂ ಕಾನೂನು, ಬಾಯಿ ತೆರೆದೇ ಇದೆ, ಜಾಲರಿಯೊಳಗೆ, ಅಪ್ಪಾ ಅನ್ನುವುದಕ್ಕೆ ತೆರೆದದ್ದೋ ಉಸಿರಿಗೋ, ಅವರು ಬಿಡುವುದಿಲ್ಲ, ಸಡಿಲ ದಾರದ ತುದಿಯ ಮೇಲೆ ಒತ್ತಿ ಹಿಡಿದಿದೆ ಹೆಬ್ಬೆರಳು, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ ಎಂಬಂತೆ, ಹೆಬ್ಬೆರಳು, ಅದರ ಉಗುರು, ಎರಡು ಕದ, ನಡುವೆ ಕಪ್ಪು ಗೆರೆ