ಡೇರೆಗಳ ನಡುವಿನ ಹಾಸು

ನಲವತ್ತೆಂಟರಲ್ಲಿ ಹೈದರಾಬಾದಿನ ಕಾರ್ಯಾಚರಣೆ ಮುಗಿಸಿ ಬಂದ ಸೈನ್ಯದ ಒಂದು ದಳ ಬೆಟಗೇರಿಯ ಬಯಲಿನಲ್ಲಿ ಡೇರೆ ಹೊಡೆಯಿತು. ಅದು ನಮ್ಮ ಓಣಿಯ ನೇಕಾರರು ಹಾಸು ಎಳೆಯುವ ಜಾಗ. ಸೀರೆಯ ಉದ್ದಕ್ಕೆ ಬರುವ ಎಳೆಗಳೇ ಹಾಸು. ಅದನ್ನು ಗಂಜಿಯಲ್ಲಿ ಅದ್ದಿ, ಬಯಲಲ್ಲಿ ಬಿಗಿಯಾಗಿ ಹಿಡಿದು, ತೀಡಿ ಒಣಗಿಸಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ.

ನಮ್ಮತ್ತೆ ಬನಶಂಕರೆವ್ವ ಅಂದು ಬೆಳಿಗ್ಗೆ ನೂಲನ್ನು ಗಂಜಿಗೆ ಹಾಕಿದ್ದಳು. ಬುಟ್ಟಿ ಹೊತ್ತು ಬಯಲಿಗೆ ಹೋದರೆ ಬರೀ ಡೇರೆ. ನೂಲು ರೇಷನ್ನಿನದು. ಕೆಟ್ಟರೆ ಒಂದು ತಿಂಗಳು ಮಗ್ಗ ನಿಲ್ಲುತ್ತಿತ್ತು.

ಎರಡು ಸಾಲು ಡೇರೆಗಳ ನಡುವೆ ಒಂದು ದಾರಿ ಉಳಿದಿತ್ತು. ಅತ್ತೆ ಅಲ್ಲಿದ್ದ ಸುಬೇದಾರನಿಗೆ ಬುಟ್ಟಿ ತೋರಿಸಿ, "ಹಾಸು ರೀ, ಹಾಸು!" ಎಂದಳು. ಅವನು ಉತ್ತರದವನು. ಅವನ ಭಾಷೆಯಲ್ಲಿ 'ಹಸೋ' ಎಂದರೆ ನಗಿರಿ ಎಂದು. ಅವನು ನಕ್ಕ. ಜವಾನರೂ ನಕ್ಕರು.

"ಲೇ ಮಲ್ಲವ್ವಾ, ಏನಾಗೇತಿ ಇವ್ರಿಗೆ? ನಾ ಅಳೋದೊಂದ ಬಾಕಿ, ಇವ್ರು ಹಲ್ಲು ಕಿಸಿತಾರ!" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದಳು.

ಅವಳು ದನಿ ಏರಿಸಿದಷ್ಟೂ ಅವರ ನಗು ಏರಿತು. ಕೊನೆಗೆ ನೂಲಿಗೆ ಬಣ್ಣ ಹಾಕುವ ರಹಮಾನಸಾಬ ಬಂದು ಉರ್ದುವಿನಲ್ಲಿ ತಿಳಿಸಿ ಹೇಳಿದ. ಸುಬೇದಾರ ದಾರಿ ಬಿಟ್ಟುಕೊಟ್ಟ.

"ನಗ್ರಿ ನಗ್ರಿ ಅಂತ ಅವ್ರಿಗೆ ಹುಕುಂ ಮಾಡಾಕತ್ತಿದ್ದೆಲ್ಲ ಅಕ್ಕಾ!" ಎಂದ ರಹಮಾನಸಾಬ ಅತ್ತೆಗೆ.

"ಮಾಡಿದ್ರ ಮಾಡೀನಿ. ನೀ ಆ ತುದಿ ಹಿಡಿ, ಜಲ್ದಿ."

ಕವೆಗೋಲುಗಳ ಮೇಲೆ ಸೊಂಟದೆತ್ತರಕ್ಕೆ ಹಾಸು ನಿಂತಿತು. ಅರ್ಧ ಒಣಗಿರಬೇಕು, ಅಷ್ಟರಲ್ಲಿ ಗಾಯಾಳುಗಳನ್ನು ಹೊತ್ತ ಲಾರಿ ಎಡಗಡೆಯ ಸಾಲಿನ ಹಿಂದೆ ಬಂದು ನಿಂತಿತು. ಆಸ್ಪತ್ರೆಯ ಡೇರೆ ಬಲಗಡೆಯ ಸಾಲಿನಲ್ಲಿತ್ತು. ನಡುವೆ ದಾರಿಯುದ್ದಕ್ಕೂ ನಮ್ಮ ಹಾಸು. ಸುಬೇದಾರ ಕೈಬೀಸಿ ಕೂಗಿದ.

"ತಗೀಬೇಕಂತ ಅಕ್ಕಾ," ಎಂದ ರಹಮಾನಸಾಬ.

"ಈಗ ತಗದ್ರ ಎಲ್ಲಾ ಮುದ್ದಿ ಆಕ್ಕೈತಿ."

ಎಳೆದ ಹಾಸಿನ ಕೆಳಗೆ ಯಾರೂ ನುಸುಳಬಾರದೆಂಬುದು ನಮ್ಮ ಮನೆಯ ಕಟ್ಟಳೆ. ನಾನು ಒಮ್ಮೆ ನುಸುಳಿ, ಆ ದಿನವೆಲ್ಲ ಅತ್ತೆಯಿಂದ ಬೈಸಿಕೊಂಡಿದ್ದೆ. ಅತ್ತೆ ಲಾರಿಯಿಂದ ಇಳಿಸುತ್ತಿದ್ದವರನ್ನು ನೋಡಿದಳು. ಒಬ್ಬನಿಗೆ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಅವಳು ನಡುವಿನ ಕೋಲಿಗೆ ಹೆಗಲು ಕೊಟ್ಟು ಎತ್ತಿದಳು. ಆಚೆಗಿನ ಕೋಲನ್ನು ನಾನೂ ರಹಮಾನಸಾಬನೂ ಎತ್ತಿದೆವು.

"ತಲಿ ಬಗ್ಗಿಸಿ ಬರ್ರೋ ಯಪ್ಪಾ," ಎಂದಳು.

ನಾಲ್ಕು ಸ್ಟ್ರೆಚರುಗಳು ಹಾಸಿನ ಕೆಳಗೆ ದಾಟಿದವು. ಹೊರುತ್ತಿದ್ದವನೊಬ್ಬನ ಭುಜದ ಬಿಲ್ಲೆ ಸಿಕ್ಕಿ ಹದಿನಾರು ಎಳೆ ಹರಿದವು. ಅವನು ಹಿಂದಿರುಗಿ ನೋಡಿದ. "ನಡಿಯಪ್ಪಾ, ನೀ ನಡಿ," ಎಂದಳು ಅತ್ತೆ.

ಆಮೇಲೆ ಬೆರಳಿಗೆ ಗಂಜಿ ಹಚ್ಚಿಕೊಂಡು, ಹರಿದ ತುದಿಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದಳು. ಹಾಸು ಮರುದಿನ ಮಗ್ಗಕ್ಕೇರಿತು.