ಕಟ್ಟಿದವರನ್ನು ಕೇಳಿ

ಶಾಲೆಯ ಆಯಮ್ಮ ಪೆಟ್ಟಿಗೆಯನ್ನು ಮೂರನೇ ಮೆಟ್ಟಿಲಿಗೆ ಎಳೆಯುವಷ್ಟರಲ್ಲಿ ಟೀಚರಮ್ಮನ ತಮ್ಮ ಓಡಿಬಂದು ಇನ್ನೊಂದು ತುದಿ ಹಿಡಿದ. ಆ ಮರದ ಪೆಟ್ಟಿಗೆಯ ಭಾರ ಎಂಥದ್ದೆಂದರೆ, ಆನೆಯೇ ಬಂದಿದ್ದರೂ ಮೊದಲು ಒಂದು ಲೋಟ ನೀರು ಕೇಳಿ ಕುಡಿದು ಆಮೇಲೆ ಸೊಂಡಿಲು ಹಾಕುತ್ತಿತ್ತು.

"ಏನಮ್ಮಾ ಇದು? ಎಲ್ರೂ ಹೂವು ತಂದ್ರೆ ನೀವು ಪೆಟ್ಟಿಗೆ ತಂದಿದೀರಲ್ಲ!"

"ಹೂವು ತರೋರು ತರ್ಲಿ ಬಿಡಪ್ಪ. ನಾನು ಸ್ಟೋರ್ ರೂಮಿನ ಬೀಗ ತೆಗ್ದು ಅಕ್ಕ ಮಕ್ಕಳಿಗೆ ಆಡೋಕೆ ಕೊಡ್ತಿದ್ದ ಮರದ ಇಟ್ಟಿಗೆ ತಂದಿದೀನಿ."

"ಹೆಡ್‌ಮಾಸ್ಟರ್ರು ಒಳಗೇ ಇದಾರೆ."

"ಇರ್ಲಿ. ಅವರಿಗೆ ತೋರ್ಸೋಕೇ ತಂದಿದ್ದು."

ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತೊಂದು ವರ್ಷ ಶಿಶುವರ್ಗದಲ್ಲಿ ಅರ್ಧ ಊರಿನ ಮೂಗು ಒರೆಸಿದ್ದ ಟೀಚರಮ್ಮನ ಕೈಗಳು ಈಗ ಎದೆಯ ಮೇಲೆ ಸುಮ್ಮನೆ ಮಲಗಿದ್ದವು. ಆ ಅರ್ಧ ಊರೂ ಬಂದು ತನ್ನ ಮೂಗನ್ನು ತಾನೇ ಒರೆಸಿಕೊಳ್ಳುತ್ತಿತ್ತು.

"ಶಾಲೆಗೆ ಸೇರಿದಾಗ ನಾನು ಹೆದ್ರಿ ಮೇಜಿನ ಕೆಳಗೇ ಕೂತಿದ್ದೆ," ಎಂದ ಬಸ್ ಡ್ರೈವರ್, ಮಗಳನ್ನು ಹೆಗಲಿಂದ ಇಳಿಸುತ್ತ. "ಟೀಚರಮ್ಮ ಹೊರಗೆ ಬಾ ಅನ್ಲಿಲ್ಲ. ತಾವೇ ಕೆಳಗೆ ಬಂದು ಕೂತ್ರು."

"ಎಷ್ಟು ಹೊತ್ತು?" ಎಂದರು ಪಕ್ಕದವರು.

"ಒಂದು ವಾರ!"

ಅಷ್ಟರಲ್ಲಿ ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು ಜೇಬಿನಿಂದ ಹಾಳೆ ತೆಗೆದರು. ಸೀನುವುದಕ್ಕೂ ಬರೆದಿಟ್ಟ ಹಾಳೆ ಬೇಕಾಗುವ ಮನುಷ್ಯ ಅವರು. ಆಯಮ್ಮನ ಕೈ ಸೊಂಟದ ಕೀಲಿಗೊಂಚಲನ್ನು ಹಿಂಡಿತು.

*

ಎರಡು ವರ್ಷದ ಹಿಂದಿನ ಮಾತು. ಶಾಲೆ ನೋಡಲು ಮೇಲಿನ ಅಧಿಕಾರಿ ಬಂದಿದ್ದರು. ನಾಲ್ಕು ವರ್ಷದ ಹುಡುಗಿಯೊಬ್ಬಳು ತರಗತಿಯ ಬಾಗಿಲಿಗೆ ಅಡ್ಡಲಾಗಿ ಮರದ ಇಟ್ಟಿಗೆಗಳ ಸೇತುವೆ ಕಟ್ಟುತ್ತಿದ್ದಳು.

"ತೆಗೀರಿ ಅದನ್ನ," ಎಂದರು ಹೆಡ್‌ಮಾಸ್ಟರ್.

"ಕಟ್ಟಿದವರನ್ನ ಕೇಳಿ ಸಾರ್," ಎಂದರು ಟೀಚರಮ್ಮ. ಆ ಕೋಣೆಗಿದ್ದದ್ದು ಅದೊಂದೇ ಕಾನೂನು. ಮಗು ಕಟ್ಟಿದ್ದನ್ನು ಮಗುವನ್ನು ಕೇಳದೆ ಯಾರೂ ಮುಟ್ಟುವಂತಿರಲಿಲ್ಲ.

"ಇನ್ನೂ ಮುಗ್ದಿಲ್ಲ," ಎಂದಳು ಹುಡುಗಿ.

ಅಧಿಕಾರಿ ಕಿಟಕಿ ಹತ್ತಿ ಒಳಗೆ ಬಂದರು. ಅವರ ಹೊಟ್ಟೆ ಕಿಟಕಿ ದಾಟಲು ತೆಗೆದುಕೊಂಡ ಹೊತ್ತಿನಲ್ಲಿ ಎರಡು ಸೇತುವೆ ಕಟ್ಟಬಹುದಿತ್ತು. ಅವರು ನಕ್ಕರು. ಹೆಡ್‌ಮಾಸ್ಟರ್ ನಗಲಿಲ್ಲ.

ಸೋಮವಾರ ಇಟ್ಟಿಗೆಗಳು ಸ್ಟೋರ್ ರೂಮು ಸೇರಿದವು. ಪೆನ್ಸಿಲನ್ನೇ ಸೌಟಿನಂತೆ ಹಿಡಿಯುವ ಮಕ್ಕಳ ಮುಂದೆ ತಲಾ ನಲವತ್ತು ಹಾಳೆಗಳ ಕಟ್ಟು ಬಿತ್ತು.

"ಎರಡು ಅರ್ಧ ಸೇರಿದ್ರೆ ಒಂದು ಅಂತ ಈ ಮಕ್ಕಳಿಗೆ ಕೈಗೆ ಗೊತ್ತಾಗಿದೆ ಸಾರ್," ಎಂದು ಟೀಚರಮ್ಮ ಜಗಳಕ್ಕೇ ನಿಂತರು. "ಕೈಗೆ ಗೊತ್ತಾಗಿದ್ದು ತಲೆಗೆ ಹೋಗತ್ತೆ, ಆಮೇಲೆ ಹಾಳೆಗೆ ಬರತ್ತೆ. ನೀವು ಹಾಳೆಯಿಂದ ಶುರು ಮಾಡ್ತಿದೀರಿ."

ಮರುದಿನದಿಂದ ಅವರಿಗೆ ಪಾಠ ತಪ್ಪಿ ಯೂನಿಫಾರ್ಮ್ ಅಳತೆ ತೆಗೆಯುವ ಕೆಲಸ. ದಿನಾ ಸಂಜೆ ಆಯಮ್ಮನನ್ನು ಕೇಳುತ್ತಿದ್ದರು: "ಬೀಗ ತೆಗೆದ್ರೇನೇ?"

"ನಾಳೆ ತೆಗೀತಾರಂತೆ ಅಕ್ಕ."

ಕೀಲಿ ಆಯಮ್ಮನ ಸೊಂಟದಲ್ಲೇ ಇತ್ತು. ಕೆಲಸ ಹೋದೀತೆಂಬ ಭಯವೂ ಅಲ್ಲೇ ಇತ್ತು. ಆ 'ನಾಳೆ'ಗಳನ್ನು ಪೇರಿಸಿದ್ದರೆ ಆಕಾಶಕ್ಕೆ ಮುಟ್ಟಿ ಅಲ್ಲಿ ಒಂದು ತೂತಾಗುತ್ತಿತ್ತು.

*

"ಆಟದಿಂದಲೇ ಪಾಠ," ಎಂದು ಹೆಡ್‌ಮಾಸ್ಟರ್ ಓದಿದರು. ಕಳೆದ ತಿಂಗಳಷ್ಟೇ ಹಾಗೆಂದು ಮೇಲಿನಿಂದ ಆದೇಶ ಬಂದಿತ್ತು. "ಈ ಪದ್ಧತಿಯನ್ನು ನಮ್ಮ ಶಾಲೆಯಲ್ಲಿ ನಾನು ಮತ್ತು ಅವರು ಸೇರಿ..."

ಆಯಮ್ಮ ಪೆಟ್ಟಿಗೆಯನ್ನು ಬೋರಲು ಹಾಕಿದಳು. ಆ ಸದ್ದಿಗೆ ಪಕ್ಕದ ಬೀದಿಯ ಕಿವುಡರೂ ಬಾಗಿಲು ತೆಗೆದಿರಬೇಕು. ಇಟ್ಟಿಗೆಗಳು ಹೆಡ್‌ಮಾಸ್ಟರರ ಬೂಟಿನವರೆಗೂ ಉರುಳಿದವು.

"ಯಾರು ಸೇರಿ ಸಾರ್? ಬೀಗ ಹಾಕ್ಸಿದ್ದು ನೀವು. ಕೀಲಿ ಇಟ್ಕೊಂಡು ಬಾಯಿ ಮುಚ್ಕೊಂಡಿದ್ದು ನಾನು. ಸೇರಿ ಮಾಡಿದ್ದು ನಾವಿಬ್ರು! ಅಕ್ಕನ್ನ ಅದರಲ್ಲಿ ಸೇರಿಸ್ಬೇಡಿ."

"ಇಂಥ ಹೊತ್ತಲ್ಲಿ ಇದೆಲ್ಲ ಬೇಕೇನಮ್ಮ? ನಾಳೆ ಆಫೀಸಿಗೆ ಬನ್ನಿ."

"ನಾಳೆ ಅನ್ನೋ ಮಾತು ನನ್ ಹತ್ರ ಆಡ್ಬೇಡಿ. ಇವತ್ತೇ ತಗೊಳ್ಳಿ." ಕೀಲಿಗೊಂಚಲು ಹೆಡ್‌ಮಾಸ್ಟರರ ಹಾಳೆಯ ಮೇಲೆ ಬಿತ್ತು.

ಡ್ರೈವರನ ಮಗಳು ಅಪ್ಪನ ಕೈ ಬಿಡಿಸಿಕೊಂಡು ನೆಲಕ್ಕೆ ಕೂತಳು. ಶಾಲೆಯಲ್ಲಿ ಇಪ್ಪತ್ತಾರನೇ ಹಾಳೆಗೆ ಬಂದಿದ್ದ ಅವಳು ಈ ಇಟ್ಟಿಗೆಗಳನ್ನು ಕಂಡದ್ದೇ ಮೊದಲು. ಒಂದನ್ನು ಬೂಟಿಗೆ ತಾಗಿಸಿಟ್ಟಳು. ಪಕ್ಕಕ್ಕೆ ಇನ್ನೊಂದು. ಬೂಟುಗಳ ಸುತ್ತ ಗೋಡೆ ಏಳತೊಡಗಿತು.

ಹೆಡ್‌ಮಾಸ್ಟರ್ ಹೊರಡಲೆಂದು ಒಂದು ಕಾಲೆತ್ತಿದರು.

"ಸಾರ್," ಎಂದ ಡ್ರೈವರ್ ಮೆಲ್ಲಗೆ. "ಕಟ್ಟಿದವರನ್ನ ಕೇಳಿ."

"ಹೌದು, ಕೇಳಿ," ಎಂದರು ಹಿಂದಿನಿಂದ ಇನ್ನಾರೋ. ಆಮೇಲೆ ಅರ್ಧ ಊರೇ ಅಂದಿತು.

ಹೆಡ್‌ಮಾಸ್ಟರ್ ಬಗ್ಗಿದರು. "ಪುಟ್ಟೀ, ಮುಗೀತಾ?"

ಹುಡುಗಿ ತಲೆಯೆತ್ತಲಿಲ್ಲ. ಎರಡು ಗಿಡ್ಡ ತುಂಡುಗಳನ್ನು ಒಂದು ಉದ್ದ ತುಂಡಿನ ಪಕ್ಕ ಜೋಡಿಸಿ, ತುದಿಯ ಮೇಲೆ ಬೆರಳಾಡಿಸಿ ನೋಡಿದಳು. ಸರಿಸಮ. ಇನ್ನೆರಡಕ್ಕೆ ಕೈಚಾಚಿದಳು.

ಟೀಚರಮ್ಮನನ್ನು ಹೊತ್ತವರು ಗೋಡೆಯನ್ನು ಬಳಸಿಕೊಂಡು ಬಾಗಿಲು ದಾಟಿದರು. ಹಿಂದೆಯೇ ಅರ್ಧ ಊರೂ ಹೊರಟಿತು. ಆಯಮ್ಮ ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಮಗು ಕಟ್ಟುತ್ತಿತ್ತು, ಡ್ರೈವರ್ ಪಕ್ಕದಲ್ಲೇ ನೆಲಕ್ಕೆ ಕೂತು ಒಂದೊಂದೇ ತುಂಡು ಕೊಡುತ್ತಿದ್ದ, ಹೆಡ್‌ಮಾಸ್ಟರ್ ಕೈಯಲ್ಲಿ ಹಾಳೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದರು.