ಹೂವಿಗೆ ಇಟ್ಟ ಪೈಪು

"ಏಯ್ ಕೊಡದಮ್ಮಾ! ನಿಲ್ಲು, ಅಲ್ಲೇ ನಿಲ್ಲು! ಫ್ರೇಮಿನೊಳಗೆ ಬಂದ್ಬಿಟ್ಯಲ್ಲ!"

ಯಮುನ ನಿಲ್ಲಲಿಲ್ಲ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಕೆಳಗಿನ ತೋಡಿನಿಂದ ಎಸ್ಟೇಟಿನ ಕೂಲಿಗಳ ಲೈನ್‌ಮನೆಗೆ ಹತ್ತುವವಳು ನಡುವೆ ನಿಂತರೆ ಮತ್ತೆ ಕಾಲು ಕೀಳಲಾಗುವುದಿಲ್ಲ. ಅದು ಆ ಏರಿನ ಗುಣ. ಹಲ್ಲು ಕಚ್ಚಿ ಮೇಲಕ್ಕೆ ಬಂದು, ನೆರೆಮನೆಯ ಹೊನ್ನಮ್ಮನ ಜಗಲಿಯ ಪಕ್ಕದಲ್ಲಿ ಉಸಿರು ಬಿಟ್ಟ ಮೇಲೆಯೇ ಕೂಗಿದ್ದು ಯಾರೆಂದು ನೋಡಿದಳು.

ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಪ್ರಜ್ಞೇಶ್, ಸಿನಿಮಾದ ಅಸಿಸ್ಟೆಂಟ್ ಡೈರೆಕ್ಟರು, ಓಡಿಬಂದ. ಅವನಿಗೆ ಕೊಡೆ ಹಿಡಿದುಕೊಂಡು ಹಿಂದೆಯೇ ಓಡಿಬಂದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಿದಾನಂದ.

"ಅಮ್ಮಾ, ಈ ಲೈನಿಗೆ ನೀರೇ ಇಲ್ಲ ಅಂತ ಕಥೆ. ನೀವು ಎರಡೆರಡು ಕೊಡ ತುಂಬ್ಕೊಂಡು ಹಿಂದೆ ಓಡಾಡಿದ್ರೆ ಥಿಯೇಟರ್‌ನಲ್ಲಿ ಜನ ನಗಲ್ವಾ? ಚೆಲ್ಲಿಬಿಡಿ. ಖಾಲಿ ಕೊಡ ಇಟ್ಕೊಂಡು ನಿಂತ್ಕೊಳ್ಳಿ."

"ಚೆಲ್ಲಾದಾ?"

"ಚೆಲ್ಲೇ ಮುಂಡೇದೆ! ಸಾರ್ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ? ದೊಡ್ಡ ಗಂಗಾಮಾತೆ ಇವ್ಳು" ಎಂದು ಚಿದಾನಂದನೇ ಅವಳ ಸೊಂಟದ ಕೊಡಕ್ಕೆ ಕೈಹಾಕಿ ವಾಲಿಸಿದ. ತಲೆಯ ಮೇಲಿನದನ್ನು ಅವಳೇ ಇಳಿಸಿ ಸುರಿದಳು. ನೀರು ಅವಳು ಬಂದ ದಾರಿಯಲ್ಲೇ ಕೆಳಗೆ ಓಡಿತು. ಅವಳು ಹತ್ತಿದ್ದಕ್ಕಿಂತ ಬಲು ಬೇಗ.

ಪ್ರಜ್ಞೇಶ್ ನೀರು ನೋಡಲಿಲ್ಲ, ಅವಳ ಮುಖ ನೋಡಿದ. "ಸೂಪರ್! ಇದೇ ಮುಖ ಬೇಕಿತ್ತು ನಂಗೆ. ಹೀಗೇ ಇಟ್ಕೊಂಡಿರಿ ಅಮ್ಮ, ಅಳಿಸ್ಬೇಡಿ."

ಯಮುನ ಸಿನಿಮಾಕ್ಕೆ ಆರಿಸಿಬಂದದ್ದು ಹೀಗೆ.

ಸಿನಿಮಾದ ಹೆಸರು 'ಗಗನಕೇಸರಿ-ಎರಡು'. ಒಂದನೆಯದನ್ನು ಲೈನಿನವರೆಲ್ಲ ಟೀವಿಯಲ್ಲಿ ನೋಡಿದ್ದರು. ಅದರಲ್ಲಿ ಗಗನಕೇಸರಿ ಘಾಟಿಯ ತಿರುವಿನಿಂದ ಉರುಳುತ್ತಿದ್ದ ಬಸ್ಸನ್ನು ಎದೆಕೊಟ್ಟು ತಡೆದಿದ್ದ. ಅದನ್ನು ನೋಡಿ ಸುಂಟಿಕೊಪ್ಪದ ಹುಡುಗರೆಲ್ಲ ಬೆನ್ನಿಗೆ ಟವೆಲು ಕಟ್ಟಿಕೊಂಡು ಮೋರಿಯಿಂದ ಮೋರಿಗೆ ಹಾರಿದ್ದರು. ಎರಡನೆಯದರಲ್ಲಿ ಕಬ್ಬಿಣದ ಮುಖವಾಡದ ಪರದೇಶದ ಖಳನೊಬ್ಬ ಬೆಟ್ಟದ ನೀರನ್ನೆಲ್ಲ ಹೀರಿಬಿಡುತ್ತಾನೆ. ಎಸ್ಟೇಟಿನ ಕೂಲಿಗಳು ನಾಲಿಗೆ ಒಣಗಿ ಬೀಳುತ್ತಾರೆ. ಗಗನಕೇಸರಿ ಬಂದು ಎಡಗೈ ಎತ್ತಿದ ಕೂಡಲೇ ತುಕ್ಕು ಹಿಡಿದ ನಲ್ಲಿಯಲ್ಲಿ ನೀರು ಬರುತ್ತದೆ.

ಈ ಕಥೆಯಲ್ಲಿ ಒಬ್ಬ ಒಳ್ಳೆಯ ಸಾವುಕಾರನೂ ಇದ್ದ. ಕೂಲಿಗಳ ಬಾಯಾರಿಕೆ ನೋಡಲಾರದೆ ಕಣ್ಣೀರಿಡುವ ಸಾವುಕಾರ. ಆ ಪಾತ್ರವನ್ನು ಎಸ್ಟೇಟಿನ ಧಣಿ ದೇರಪ್ಪನವರೇ ಮಾಡುತ್ತಿದ್ದರು. ಎಸ್ಟೇಟು ಬಿಟ್ಟುಕೊಡುವುದಕ್ಕೆ ಅದೇ ಷರತ್ತಂತೆ.

"ನಾನು ಈ ಲೈನಿಗೆ ಸೊಸೆಯಾಗಿ ಬಂದೋಳು ಕಣಮ್ಮಿ" ಎಂದಳು ಹೊನ್ನಮ್ಮ, ಬಾಯಲ್ಲಿ ಅರ್ಧ ಹಲ್ಲು ಉಳಿದಿದ್ದ ಮುದುಕಿ. "ಸಾವ್ಕಾರ್ರ ಕಣ್ಣಾಗೆ ನೀರು ಕಂಡಿದ್ದು ಇವತ್ತೇಯ. ಅದೂ ಸೀಸೇಲಿ ತಂದು ಬಿಟ್ರು."

"ಮೆತ್ತಗೆ ಮಾತಾಡಕ್ಕ, ರೈಟ್ರು ಅಲ್ಲೇ ಅವ್ರೆ."

"ಇರ್ಲಿ ಬುಡು. ಆ ಬೇವರ್ಸಿಗೂ ಎರಡು ಹನಿ ಬಿಡಾಕೆ ಹೇಳು."

ಲೈನಿಗೊಂದು ನಲ್ಲಿ ಹಾಕಿಸಿಕೊಡಿ ಎಂದು ಹೆಂಗಸರು ಕೇಳದ ವರ್ಷವಿರಲಿಲ್ಲ. ಹುತ್ತರಿ ಹಬ್ಬಕ್ಕೆ ಬೋನಸ್ಸು ಕೊಡುವಾಗ ಕೇಳುತ್ತಿದ್ದರು, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದಾಗ ಕೇಳುತ್ತಿದ್ದರು. "ನೀರು ಕೆಳಗೆ ಹರಿಯೋ ವಸ್ತು ಕಣ್ರಮ್ಮ. ಏರಿನ ಮೇಲೆ ಹತ್ತಿಸೋದಕ್ಕೆ ನಾನೇನು ದೇವ್ರಾ?" ಎಂದು ದೇರಪ್ಪನವರು ನಗುತ್ತಿದ್ದರು. ಬಂಗಲೆ ಲೈನಿಗಿಂತಲೂ ಮೇಲಿತ್ತು, ಅದರ ಮುಂದಿನ ಹುಲ್ಲು ವರ್ಷವಿಡೀ ಹಸಿರಾಗಿತ್ತು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಸಿನಿಮಾದವರು ಬಂದರು, ನೀರು ಹತ್ತಿತು. ಮರುದಿನ ಹೆಂಗಸರು ಬೆಳಗಿನ ಗಂಜಿ ಕುಡಿದು ಏಳುವಷ್ಟರಲ್ಲಿ ಬಂಗಲೆಯ ಟ್ಯಾಂಕಿನಿಂದ ಲೈನಿನ ಅಂಗಳದವರೆಗೆ ಕರಿ ಪೈಪು ಬಂದು ಬಿದ್ದಿತ್ತು. ಹೊಸ ಹಿತ್ತಾಳೆ ನಲ್ಲಿಯೊಂದನ್ನು ನಿಲ್ಲಿಸಿ, ಅದಕ್ಕೆ ತುಕ್ಕಿನ ಬಣ್ಣ ಬಳಿದರು. ಆಮೇಲೆ ಯಮುನಳ ಹಣೆಗೂ ಕೆನ್ನೆಗೂ ಕೆಸರು ಬಳಿದರು. "ಕೊಳೆ ಸಾಲದು" ಎಂದು ಯಾರೋ ಅಂದದ್ದಕ್ಕೆ ಇನ್ನಷ್ಟು ಬಳಿದರು.

ಹೀರೋ ಬಂದ. ರಬ್ಬರಿನ ಎದೆ, ರಬ್ಬರಿನ ಹೊಟ್ಟೆ, ಮೊಣಕಾಲು ಮುಟ್ಟುವ ಬೂಟು. ಆ ಅಂಗಿಯೊಳಗೆ ಅವನು ಪಾಪ ಬೆಂದು ಹೋಗುತ್ತಿದ್ದ. ಬಗ್ಗುವಂತಿಲ್ಲ, ಕೂರುವಂತಿಲ್ಲ, ಒಬ್ಬ ಹುಡುಗಿ ಸ್ಟ್ರಾ ಹಿಡಿದು ಅವನಿಗೆ ನೀರು ಕುಡಿಸುತ್ತಿದ್ದಳು. ಕಾಫಿ ಗಿಡದ ಮರೆಗೆ ಹೋಗಬೇಕೆಂದರೆ ಜಿಪ್ಪು ಬಿಚ್ಚಲು ಇಬ್ಬರು ಜೊತೆಗೆ ಹೋಗಬೇಕಿತ್ತು.

"ಆಕಾಸದಾಗೆ ಹಾರ್ತಾನಂತೆ, ಉಚ್ಚೆ ಹುಯ್ಯಾಕೆ ಇಬ್ರು ಆಳು" ಎಂದು ಹೊನ್ನಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಹೀರೋ ಎಡಗೈ ಎತ್ತಿದ. ಗಿಡದ ಹಿಂದೆ ಕೂತವನು ವಾಲ್ವು ತಿರುಗಿಸಿದ. ನಲ್ಲಿ ಒಮ್ಮೆ ಕೆಮ್ಮಿ, ಬಳಬಳನೆ ಸುರಿಯಿತು. ಹೆಂಗಸರು ಬೆರಗಾಗಿ ಕೈಮುಗಿದು ನಿಲ್ಲಬೇಕಿತ್ತು. ಬೆರಗೇನೋ ತಾನಾಗಿಯೇ ಬಂತು. ಆದರೆ ಯಮುನಳ ಕೈ ಮುಗಿಯುವ ಬದಲು ಕೊಡ ಹಿಡಿದು ನಲ್ಲಿಯ ಕೆಳಕ್ಕೆ ಹೋಗಿಬಿಟ್ಟಿತು.

"ಕಟ್! ಅಮ್ಮಾ, ನೀರು ಹಿಡೀಬಾರ್ದು, ಕೈಮುಗೀಬೇಕು! ಒನ್ ಮೋರ್!"

ವಾಲ್ವು ಮುಚ್ಚುವಷ್ಟರಲ್ಲಿ ಅವಳ ಕೊಡ ತುಂಬಿತ್ತು. ಅದನ್ನು ಒಳಗಿಟ್ಟು ಇನ್ನೊಂದು ತಂದಳು. ಎರಡನೆಯ ಸಲ ಬೇಕೆಂದು ಮಾಡಲಿಲ್ಲ. ಹೊನ್ನಮ್ಮನಿಗೆ ಸೀನು ಬಂತು. ಒನ್ ಮೋರ್. ಮತ್ತೊಂದು ಕೊಡ ಒಳಗೆ ಹೋಯಿತು. ಆಮೇಲೆ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಬ್ಬಳ ಕಾಲಿಗೆ ಇರುವೆ ಕಚ್ಚಿತು. ಒಬ್ಬಳು ಹೀರೋವನ್ನು ಬಿಟ್ಟು ಕ್ಯಾಮೆರಾಕ್ಕೆ ಕೈಮುಗಿದಳು. ಹೊನ್ನಮ್ಮನಿಗೆ ಸೀನು ನಿಲ್ಲಲೇ ಇಲ್ಲ. ಕೊಡ, ಬಕೆಟ್ಟು, ಅನ್ನದ ಪಾತ್ರೆ, ಕೊನೆಗೆ ಯಾರೋ ಪ್ರೆಷರ್ ಕುಕ್ಕರನ್ನೂ ತಂದರು. ಗಗನಕೇಸರಿಯ ಎಡಗೈ ಸೋತು ನಡುಗತೊಡಗಿತು.

"ಬೋಳಿಮಕ್ಳಾ, ಬೇಕಂತ್ಲೇ ಮಾಡ್ತಿದೀರಾ?" ಎಂದು ಹಲ್ಲು ಕಡಿದ ಚಿದಾನಂದ.

"ಇಲ್ಲ ರೈಟ್ರೇ, ನಾವು ಓದಿಲ್ದಿರೋ ಜನ. ಒಂದ್ಸಲಕ್ಕೆ ಬರಕಿಲ್ಲ" ಎಂದಳು ಯಮುನ, ನೆಲ ನೋಡುತ್ತ.

ಮಧ್ಯಾಹ್ನ ಕಳೆದು ದೇರಪ್ಪನವರು ದೊಡ್ಡ ಕೊಡೆಯ ಕೆಳಗೆ ಕೂತು ಸೀಸೆಯ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಪ್ರಜ್ಞೇಶ್ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ. ಯಮುನ ಹೋಗಿ ದೂರದಲ್ಲಿ ನಿಂತಳು. ಅವಳ ಮನೆಯೊಳಗೆ ಕೊಡಗಳು ತುಂಬಿ ನಿಂತಿದ್ದವು. ಆ ಧೈರ್ಯವೇ ಇರಬೇಕು.

"ಸಾವ್ಕಾರ್ರೆ, ಒಂದು ಮಾತು. ಇವ್ರು ಹೋದ್ಮ್ಯಾಲೂ ಆ ಪೈಪು ಅಲ್ಲೇ ಇರ್ಲಿ."

"ಅದು ಸಿನಿಮಾದವರ ಪೈಪು ಯಮುನ. ನನ್ನದಾಗಿದ್ರೆ ನಾನು ಬೇಡ ಅಂತಿದ್ನಾ?"

"ಇಲ್ಲ ಸಾರ್" ಎಂದ ಪ್ರಜ್ಞೇಶ್, ಉಪಕಾರ ಮಾಡುವವನಂತೆ. "ನಿಮ್ಮ ಗೋಡೌನಿಂದಾನೇ ತಂದಿದ್ದು. ನಮ್ದು ಬರೀ ನಲ್ಲಿ."

ದೇರಪ್ಪನವರು ಒಂದಿಷ್ಟೂ ಕಕ್ಕಾಬಿಕ್ಕಿಯಾಗಲಿಲ್ಲ. "ಓ, ಅದಾ? ಅದು ಬ್ಲಾಸಮ್ಮಿಗೆ ಇಟ್ಟಿರೋ ಪೈಪು. ಈಗ ನೀರು ಹಾರಿಸಿದ್ರೆ ಕಾಫಿ ಹೂ ಬಿಡುತ್ತೆ. ನಿಮಗೆ ಕೊಟ್ರೆ ನೀವೇನು ಹೂ ಬಿಡ್ತೀರಾ?"

ಕೊಡೆಯ ಕೆಳಗಿದ್ದವರೆಲ್ಲ ನಕ್ಕರು. ಯಮುನಳೂ ನಕ್ಕಳು. ನಗದಿದ್ದರೆ ಅದೂ ಒಂದು ಎದುರುತ್ತರವಾಗುತ್ತದೆ.

"ಚಿದಾನಂದ, ಶೂಟಿಂಗ್ ಮುಗಿದು ಪ್ಯಾಕಪ್ ಆದ ತಕ್ಷಣ ಪೈಪು ಬಿಚ್ಚಿಸಿ ಮೇಲಿನ ಬ್ಲಾಕಿಗೆ ಹಾಕಿಸು. ಅಲ್ಲೀತನಕ ಮುಟ್ಟಬೇಡ. ಸಿನಿಮಾದವರಿಗೆ ಮಾತು ಕೊಟ್ಟಿದೀನಿ."

ಬಿಸಿಲು ಇಳಿದು ಶೂಟಿಂಗ್ ನಿಂತಾಗ ಪ್ರಜ್ಞೇಶ್ ಯಮುನಳನ್ನು ಹುಡುಕಿಕೊಂಡು ಬಂದ. ಸೋತ ದನಿಯಲ್ಲಿ, ಮನೆಯವರಲ್ಲಿ ಹೇಳಿಕೊಳ್ಳುವಂತೆ ಹೇಳಿದ. "ಅಮ್ಮಾ, ನಾಳೆ ನಿಮ್ಮದೊಂದೇ ಶಾಟ್ ಬಾಕಿ. ಹಿಂದೆ ನಲ್ಲಿ ಸುರೀತಿರುತ್ತೆ. ನೀವು ಬಂದು ಹೀರೋ ಕಾಲಿಗೆ ಬೀಳ್ಬೇಕು. ಹಣೆ ಬೂಟಿಗೆ ತಾಗ್ಬೇಕು. ಪೋಸ್ಟರಿಗೂ ಅದೇ. ಡೈರೆಕ್ಟರು ಹಟ ಹಿಡಿದಿದಾರೆ, ಅದು ಸಿಗೋವರೆಗೂ ಪ್ಯಾಕಪ್ ಇಲ್ವಂತೆ."

"ನಾನೇ ಆಗ್ಬೇಕಾ? ಇನ್ಯಾರಾದ್ರೂ..."

"ಬೆಳಗ್ಗಿಂದ ನಿಮ್ಮ ಮುಖಾನೇ ತೆಗ್ದಿದೀವಿ. ಈಗ ಬೇರೆಯೋರನ್ನ ಹಾಕೋಕಾಗಲ್ಲ. ಇದೇ ಸೀರೆ, ಇದೇ ಕೆಸರು. ಮುಖ ತೊಳೀಬೇಡಿ, ಆಯ್ತಾ?"

"ಆಯ್ತು ಸಾರ್."

ಅವನು ಹೋದ ಮೇಲೆ ಅವಳು ಒಲೆ ಹೊತ್ತಿಸಿ ಹಂಡೆಯಿಟ್ಟಳು. ಬೇರೆ ದಿನವಾದರೆ ಒಂದೂವರೆ ಕೊಡದಲ್ಲಿ ಮನೆಮಂದಿಯ ಸ್ನಾನವೆಲ್ಲ ಮುಗಿಯಬೇಕು. ಮೈಮೇಲೆ ಸುರಿದ ನೀರು ಹರಿದು ಬಸಳೆಗೆ ಹೋಗುವಂತೆ ಕಲ್ಲಿಟ್ಟುಕೊಂಡೇ ಮೀಯುವವಳು ಅವಳು. ಇವತ್ತು ತಂಬಿಗೆಯ ಲೆಕ್ಕ ಇಡಲಿಲ್ಲ. ಸೀಗೆಪುಡಿ ಹಾಕಿ ತಲೆ ತಿಕ್ಕಿದಳು. ಹಣೆಯ ಕೆಸರು ಕಣ್ಣಿಗಿಳಿಯಿತು, ಕೆನ್ನೆಗಿಳಿಯಿತು, ಹೋಯಿತು. ಬಿಸಿನೀರು ಬೆನ್ನಿನ ಮೇಲೆ ಹರಿಯುತ್ತಿದ್ದಾಗ, ಹೂ ಬಿಡ್ತೀರಾ ಎಂದ ಮಾತು ಇನ್ನೊಮ್ಮೆ ನೆನಪಾಗಿ, ಈ ಸಲ ನಿಜಕ್ಕೂ ನಗು ಬಂತು.

ಕೂದಲು ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದಾಗ ಹೊನ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನಮ್ಮಿ, ಹಬ್ಬಿಲ್ಲ ಹುಣ್ಣಿಮಿಲ್ಲ, ಸಂಜೆ ಹೊತ್ತಿಗೆ ತಲೆಗೆ ಹುಯ್ಕಂಡಿದೀಯ? ಮಕ ತೊಳೀಬ್ಯಾಡ ಅಂದಿರ್ಲಿಲ್ವಾ ಆ ಹುಡ್ಗ?"

"ಕೆರೀತಿತ್ತು ಕಣಕ್ಕ."

"ನಾಳೆ ಇನ್ನೊಂದಪ ಬಳೀತಾರೆ ಬುಡು. ಬೂಟಿಗೆ ತಲೆ ಇಡ್ವಾಗ ನೋಡ್ಕಂಡ್ ಇಡು. ಮೊಳೆ ಗಿಳೆ ಇದ್ದಾತು."

"ಹೂಂ" ಎಂದಳು ಯಮುನ.

ಕರಿ ಪೈಪು ಅಂಗಳದಲ್ಲಿ ಹಾವಿನ ಹಾಗೆ ಮಲಗಿತ್ತು. ಅವಳು ಅದನ್ನು ದಾಟದೆ ಸುತ್ತುಹಾಕಿ ಹೋದಳು. ಬಳಿದರೆ ಬಳಿಯಲಿ, ಕೆಸರು ತಾನೆ. ಬಗ್ಗು ಎಂದರೆ ಬಗ್ಗುತ್ತಾಳೆ, ಅಳು ಎಂದರೆ ಅಳುತ್ತಾಳೆ. ಆದರೆ ಅವಳ ಹಣೆಗೂ ಆ ಬೂಟಿಗೂ ನಡುವೆ ಒಂದು ಬೆರಳಷ್ಟು ಜಾಗ ಉಳಿಯುತ್ತದೆ. ನಾಳೆಯೂ ಉಳಿಯುತ್ತದೆ, ನಾಡಿದ್ದೂ. ಎಷ್ಟು ಸಲ ಒನ್ ಮೋರ್ ಅಂದರೂ ಅಷ್ಟೇ. ಹಣೆ ತಾಗದೆ ಪ್ಯಾಕಪ್ ಇಲ್ಲ, ಪ್ಯಾಕಪ್ ಆಗದೆ ಪೈಪು ಬಿಚ್ಚುವಂತಿಲ್ಲ.

ಹೊನ್ನಮ್ಮನಿಗೂ ಅದನ್ನು ಹೇಳಲಿಲ್ಲ. ಖಾಲಿಯಾದ ಕೊಡಗಳನ್ನು ಒಂದೊಂದಾಗಿ ಹೊರಗೆ ತಂದು ಬೂದಿ ಹಾಕಿ ಬೆಳಗಿದಳು. ನಾಳೆಗೆಂದು ಜಗಲಿಯ ಮೇಲೆ ಸಾಲಾಗಿ ಬೋರಲು ಹಾಕಿದಳು.